ಉಪವಾಸ ಮಾಡಿಸಿದ್ರೆ ಅನ್ನನಾಳದ ಗಡ್ಡೆ ಕರಗುತ್ತಾ?

ಅಪ್ಪಂಗೆ ಅನ್ನನಾಳದ ಕ್ಯಾನ್ಸರ್, ಕೀಮೋ ನಡೀತಿದೆ, ಉಪವಾಸ ಮಾಡಿಸಿದ್ರೆ ಆಟೋಫೇಜಿ ಶುರುವಾಗಿ ಗಡ್ಡೆ ಕರಗುತ್ತಾ ಅಂತ ಕೇಳಿದೀರಲ್ಲ ಸರ್, ದಯವಿಟ್ಟು ಆ ಕೆಲ್ಸ ಮಾತ್ರ ಮಾಡ್ಬೇಡಿ. ವಾಟ್ಸಾಪಲ್ಲಿ ಬರ್ತಿರೋದು ಅರ್ಧ ಕಥೆ. 2016ರಲ್ಲಿ ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿಗೆ ಆಟೋಫೇಜಿ ಸಂಶೋಧನೆಗೇ ನೊಬೆಲ್ ಬಂದಿದ್ದು ನಿಜ, ಆದ್ರೆ ಅವ್ರು ಕೆಲ್ಸ ಮಾಡಿದ್ದು ಯೀಸ್ಟ್ ಮೇಲೆ, ಪೇಶೆಂಟ್‌ಗಳಿಗೆ ಊಟ ಬಿಡಿಸಿ ಅಲ್ಲ.

ಆಟೋಫೇಜಿ ಅಂದ್ರೆ ಜೀವಕೋಶ ತನ್ನೊಳಗಿನ ಹಾಳಾದ ಸಾಮಾನೆಲ್ಲ ಒಂದು ಚೀಲಕ್ಕೆ ಕಟ್ಟಿ, ಲೈಸೋಸೋಮ್ ಅನ್ನೋ ಕೋಶದ ಜೀರ್ಣಿಸೋ ಭಾಗದಲ್ಲಿ ಅರಗಿಸಿ, ಮತ್ತೆ ಬಳಸ್ಕೊಳ್ಳೋದು. ಆರೋಗ್ಯವಾಗಿರೋ ಕೋಶಕ್ಕೆ ಒಳ್ಳೇದೇ, ಕ್ಯಾನ್ಸರ್ ಶುರುವಾಗದ ಹಾಗೆ ಒಂದಿಷ್ಟು ಕಾಯುತ್ತೆ ಕೂಡ. ಆದ್ರೆ ಗಡ್ಡೆ ಒಮ್ಮೆ ಬೆಳೆದ್ಮೇಲೆ ಅದೇ ಆಟೋಫೇಜಿ ಕ್ಯಾನ್ಸರ್ ಕೋಶಕ್ಕೆ ಕಷ್ಟಕಾಲದ ಬುತ್ತಿ ಆಗ್ಬಿಡುತ್ತೆ, ಲ್ಯಾಬಲ್ಲಿ ಸಿಸ್ಪ್ಲಾಟಿನ್, ಫ್ಲೋರೋಯುರಾಸಿಲ್ ಅನ್ನೋ ಕೀಮೋ ಔಷಧಿ ಹಾಕಿದಾಗ ಅನ್ನನಾಳದ ಕ್ಯಾನ್ಸರ್ ಕೋಶಗಳು ಆಟೋಫೇಜಿ ಜಾಸ್ತಿ ಮಾಡ್ಕೊಂಡು ಬಚಾವಾಗೋದನ್ನ ನೋಡಿದಾರೆ. ಅದಕ್ಕೇ ಸಂಶೋಧಕರು ಉಲ್ಟಾ ಅದನ್ನ ನಿಲ್ಲಿಸೋಕೆ ಒದ್ದಾಡ್ತಿರೋದು, ಮಲೇರಿಯಾ ಮಾತ್ರೆ ಕ್ಲೋರೋಕ್ವಿನ್ ಲೈಸೋಸೋಮಿನ ಕೆಲ್ಸ ಕೆಡಿಸುತ್ತೆ ಅಂತ ಅದನ್ನೂ ಕೀಮೋ ಜೊತೆ ಟ್ರೈ ಮಾಡ್ತಿದಾರೆ (ಹಂಗಂತ ಮೆಡಿಕಲ್ ಶಾಪಿಂದ ತಂದು ಕೊಟ್ಬಿಡ್ಬೇಡಿ ಮತ್ತೆ, ಇನ್ನೂ ಪ್ರಯೋಗ ಅದು, ಹಾರ್ಟಿಗೂ ತೊಂದ್ರೆ ಮಾಡ್ಬಹುದು).

ನಿಮ್ಮ ಅಪ್ಪನ ವಿಷಯದಲ್ಲಿ ಮೊದ್ಲು ನೋಡ್ಬೇಕಾಗಿರೋದು ತೂಕ. ಈ ಕಾಯಿಲೇಲಿ ಮೊದ್ಲೇ ನುಂಗೋಕಾಗಲ್ಲ, ಮುದ್ದೆ ಅನ್ನ ಹೋಗಿ ಗಂಜಿಗೆ ಬಂದಿರ್ತಾರೆ, ಅದನ್ನೂ ನಿಲ್ಲಿಸಿದ್ರೆ ಮೈಯಲ್ಲಿರೋ ಮಾಂಸ ಕರಗುತ್ತೆ ಹೊರತು ಗಡ್ಡೆ ಅಲ್ಲ. ವಾರಕ್ಕೊಂದ್ಸಲ ತೂಕ ಬರೆದಿಡಿ, ಇಳೀತಾ ಇದ್ರೆ ಮುಂದಿನ ಕೀಮೋ ಸೈಕಲ್‌ವರೆಗೂ ಕಾಯದೆ ಡಾಕ್ಟರ್ ಹತ್ರ ಟ್ಯೂಬ್ ಫೀಡಿಂಗ್ (ಕೊಳವೆ ಮೂಲಕ ಆಹಾರ ಕೊಡೋದು) ಬೇಕಾ ಅಂತ ಕೇಳಿ.