ಅರ್ಧಕ್ಕೆ ಬಿಟ್ಟ ಜಾಂಬಿ ಸಿನಿಮಾ ಕಾಮಿಡಿ ಹೇಗಾಯ್ತು?

ಅರ್ಧಕ್ಕೇ ಬಿಟ್ಟ ಒಂದು ಜಾಂಬಿ ಸಿನಿಮಾವನ್ನು ಎಲ್ಲರೂ ಕಾಮಿಡಿ ಅಂತಾರೆ, ನನಗೆ ನಗುವೇ ಬರಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ನಗು ಶುರುವಾಗುವ ಮೊದಲೇ ನೀವು ನಿಲ್ಲಿಸಿದ್ದೀರಿ, ಅದೇ ಕಾರಣ ಇರಬೇಕು. ಜಪಾನೀ ಮಾತು, ಪಾಳುಬಿದ್ದ ನೀರು ಶುದ್ಧೀಕರಣ ಘಟಕ, ಕಟ್ ಇಲ್ಲದೆ ಓಡುವ ಕ್ಯಾಮೆರಾ ಅಂದಿರಲ್ಲ, ಬಹುಶಃ ಅದು ನಿರ್ದೇಶಕ ಶಿನಿಚಿರೊ ಉಯೆದ ಅವರ ‘ಒನ್ ಕಟ್ ಆಫ್ ದ ಡೆಡ್’ (2017). ಹುಡುಕುವಾಗ ಫ್ರೆಂಚ್ ಮಾತಿನದು ಸಿಕ್ಕರೆ ಅದು 2022ರ ರೀಮೇಕ್, ಬೇಡ.

ಮೊದಲು ಕಥೆ ಹುಡುಕಿ ಓದುವುದನ್ನು ಬಿಡಿ. ಟ್ರೇಲರ್ ಕೂಡ ನೋಡಬೇಡಿ. ಬಿಟ್ಟ ಜಾಗದಿಂದ ಅಲ್ಲ, ಮತ್ತೆ ಮೊದಲಿಂದ ಹಾಕಿ. ಆರಂಭದ 37 ನಿಮಿಷ ಒಂದೇ ಶಾಟ್. ಅಲ್ಲಿ ನಟರು ಸುಮ್ನೆ ನಿಂತುಬಿಡುತ್ತಾರೆ, ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಲೆನ್ಸ್ ಮೇಲೆ ರಕ್ತ ಬಿದ್ದರೆ ಯಾರೋ ಒರೆಸುತ್ತಾರೆ. ಕೆಟ್ಟ ಸಿನಿಮಾ ಅನಿಸುತ್ತದೆ ಅಲ್ವಾ? ಆ ಎಡವಟ್ಟುಗಳನ್ನೇ ಒಂದೊಂದಾಗಿ ನೆನಪಿಟ್ಟುಕೊಳ್ಳಿ. ಎಲ್ಲದಕ್ಕೂ ಲೆಕ್ಕ ಇದೆ.

ಆಮೇಲೆ ಹೆಸರುಗಳು ಬರುತ್ತವೆ. ಮುಗೀತು ಅಂತ ಏಳಬೇಡಿ. ಗಂಗಾವತಿಯಲ್ಲಿ ನಮ್ಮ ಗೆಳೆಯರೂ ಅಲ್ಲೇ ಎದ್ದಿದ್ದರು, ಹಿಡಿದು ಕೂರಿಸಿದೆ. ಅಲ್ಲಿಂದ ಸ್ವಲ್ಪ ಹೊತ್ತು ನಿಧಾನ. ಕೊನೆಯ ಅರ್ಧ ಗಂಟೆ ಮಾತ್ರ ಹೊಟ್ಟೆ ಹಿಡಿದು ನಗಿಸುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ನನಗೆ ತುಂಬಾ ಇಷ್ಟದ ಸಿನಿಮಾ ಇದು.

ನಿಮ್ಮ ಸಿಂಧನೂರಿನ ರೂಮಿನಲ್ಲಿ ಎಲ್ಲರೂ ಸೇರಿ ನೋಡುವುದಾದರೆ, 37 ನಿಮಿಷ ದಾಟುವ ತನಕ ಯಾರೂ ಏಳಬಾರದು ಅಂತ ಮೊದಲೇ ಹೇಳಿಬಿಡಿ.