ಮೇಲಿನ ಆರ್‌ಪಿಎಂನಲ್ಲಿ ಲೀನ್ ಆಗುವ ಸೂಪರ್‌ಚಾರ್ಜ್ಡ್ ಮಿಯಾಟಾ: ಸ್ಕ್ರೂ ತಿರುಗಿಸುವ ಮೊದಲು ಪ್ರೆಶರ್ ಅಳೆಯಿರಿ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. 1992ರ ಮಜ್ದಾ ಮಿಯಾಟಾ, 1.6 ಲೀಟರ್, ಡಲ್ಲಾಸ್‌ನಲ್ಲಿ ದಿನಾ ಓಡಿಸುವ ಕಾರು. ಹಳೇ ಈಟನ್ ಎಂ45 ಸೂಪರ್‌ಚಾರ್ಜರ್ ಕಿಟ್ ಸೆಕೆಂಡ್ ಹ್ಯಾಂಡ್ ತಂದು ಹಾಕಿದ್ದೀರಿ. 6 ಪಿಎಸ್‌ಐ ಬೂಸ್ಟ್ (ಸೂಪರ್‌ಚಾರ್ಜರ್ ಇಂಜಿನ್‌ಗೆ ತುರುಕುವ ಗಾಳಿಯ ಹೆಚ್ಚುವರಿ ಒತ್ತಡ) ಬರುತ್ತಿದೆ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಇಂಜೆಕ್ಟರ್, ಪಂಪ್ ಎಲ್ಲ ಕಾರಿನ ಜೊತೆ ಬಂದವೇ. ಪೆಟ್ರೋಲ್ ಜಾಸ್ತಿ ಮಾಡಲು ಇರುವುದು ಕಿಟ್ಟಿನ ರೈಸಿಂಗ್ ರೇಟ್ ರೆಗ್ಯುಲೇಟರ್ (ಬೂಸ್ಟ್ ಏರಿದ್ದಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಪ್ರೆಶರ್ ಏರಿಸುವ ಭಾಗ) ಒಂದೇ. 4000 ಆರ್‌ಪಿಎಂವರೆಗೆ ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಮೀಟರ್) 11.8 ತೋರಿಸುತ್ತದೆ, 5500 ದಾಟಿದರೆ 13.2ಕ್ಕೆ ಏರುತ್ತದೆ, ಅಂದರೆ ಲೀನ್, ಪೆಟ್ರೋಲ್ ಸಾಲುತ್ತಿಲ್ಲ. ಮೇಲಿನ ಉತ್ತರದಲ್ಲಿ ಒಬ್ಬರು ರೆಗ್ಯುಲೇಟರ್ ಸ್ಕ್ರೂ ಇನ್ನೊಂದು ಸುತ್ತು ಬಿಗಿ ಮಾಡಿ ಅಂದಿದ್ದಾರೆ.

ದಯವಿಟ್ಟು ಆ ಸ್ಕ್ರೂ ಈಗಲೇ ಮುಟ್ಟಬೇಡಿ. ಇದು ಸರಿಹೋಗುವ ತನಕ, ಕೆಳಗೆ ಹೇಳುವ ಪರೀಕ್ಷೆ ಬಿಟ್ಟು, ಬೂಸ್ಟ್‌ಗೂ ಹೋಗಬೇಡಿ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಆಫೀಸಿಗೆ ಹೋಗಿಬರಲು ತೊಂದರೆ ಇಲ್ಲ. ಆದರೆ ಈ ಇಂಜಿನ್ನಿನ ಕಂಪ್ರೆಷನ್ 9.4, ಬೂಸ್ಟ್ ಗಾಳಿ ತಣಿಸುವ ಇಂಟರ್‌ಕೂಲರ್ ಇಲ್ಲ, ಹೊರಗೆ ಟೆಕ್ಸಾಸ್ ಬಿಸಿಲು. ಇಂಥ ಕಡೆ ಪೂರ್ತಿ ಲೋಡ್‌ನಲ್ಲಿ 13.2 ಅಂದರೆ ನಾಕಿಂಗ್‌ಗೆ (ಮಿಶ್ರಣ ತಾನಾಗಿ ಸಿಡಿಯುವುದಕ್ಕೆ) ನೇರ ದಾರಿ. ಪಿಸ್ಟನ್ ರಿಂಗ್ ಕೂರುವ ಅಂಚು ಒಡೆಯಲು ಒಂದೇ ಓಟ ಸಾಕು.

ಮೊದಲು ಲೆಕ್ಕ ನೋಡೋಣ, ಯಾಕೆಂದರೆ ಅರ್ಧ ಉತ್ತರ ಅದರಲ್ಲೇ ಇದೆ. ಹೊಸದಾಗಿದ್ದಾಗ ಈ ಇಂಜಿನ್ 116 ಕುದುರೆ ಶಕ್ತಿಯದ್ದು. ಬೂಸ್ಟ್ ಹಾಕಿದ ಮೇಲೆ ಸುಮಾರು 160 ಅಂದುಕೊಳ್ಳಿ. ಸೂಪರ್‌ಚಾರ್ಜರ್ ಇರುವ ಇಂಜಿನ್‌ಗೆ ಒಂದು ಕುದುರೆ ಶಕ್ತಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್ ಹಿಡಿಯುವುದು ರೂಢಿ. ಒಟ್ಟು 96 ಪೌಂಡ್, ನಾಲ್ಕು ಇಂಜೆಕ್ಟರ್‌ಗೆ ಹಂಚಿದರೆ ತಲಾ 24. ಇಂಜೆಕ್ಟರ್ 80 ಪರ್ಸೆಂಟ್ ಹೊತ್ತು ಮಾತ್ರ ತೆರೆದಿರಲಿ ಅಂದರೆ 30 ಪೌಂಡ್‌ನದ್ದು ಬೇಕು. 1 ಪೌಂಡ್ ಅಂದರೆ ನಿಮಿಷಕ್ಕೆ ಸುಮಾರು 10.5 ಸಿಸಿ, ಅಲ್ಲಿಗೆ 315 ಸಿಸಿ ಆಯಿತು. ನಿಮ್ಮಲ್ಲಿರುವ ಇಂಜೆಕ್ಟರ್ 210 ಸಿಸಿ ಆಸುಪಾಸಿನದು.

ಈ ಕೊರತೆಯನ್ನು ಬರೀ ಪ್ರೆಶರ್ ಏರಿಸಿ ತುಂಬಿಸುವುದೇ ರೈಸಿಂಗ್ ರೇಟ್ ರೆಗ್ಯುಲೇಟರ್ ಕೆಲಸ. ಕಷ್ಟ ಏನೆಂದರೆ, ಪ್ರೆಶರ್ ಎರಡರಷ್ಟಾದರೆ ಹರಿವು ಎರಡರಷ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಮಾತ್ರ ಆಗುತ್ತದೆ. 210 ಸಿಸಿಯದರಲ್ಲಿ 315 ಹರಿಸಬೇಕಾದರೆ ಪ್ರೆಶರ್ ಎರಡೂಕಾಲು ಪಟ್ಟು ಬೇಕು. ಮಾಮೂಲಿ 43 ಪಿಎಸ್‌ಐ ಹೋಗಿ 97 ಆಗಬೇಕು, ಅದರ ಮೇಲೆ ಮ್ಯಾನಿಫೋಲ್ಡ್ ಒಳಗಿನ ಬೂಸ್ಟ್ 6 ಸೇರಿ 103. ಮೂವತ್ತು ವರ್ಷ ದಾಟಿದ ಪಂಪ್ ಅಷ್ಟು ಒತ್ತಡದಲ್ಲಿ ಅಷ್ಟು ಪೆಟ್ರೋಲ್ ತಳ್ಳುವ ಮಾತೇ ಇಲ್ಲ. ಪ್ರೆಶರ್ ಏರಿದಷ್ಟೂ ಪಂಪಿನ ಹರಿವು ಇಳಿಯುತ್ತದೆ. ಸ್ಕ್ರೂ ಬಿಗಿ ಮಾಡಿದರೆ ಕೆಳಗಿನ ಆರ್‌ಪಿಎಂನಲ್ಲಿ ಇನ್ನಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ, ಮೇಲೆ ಪಂಪ್ ಇನ್ನೂ ಬೇಗ ಸೋಲುತ್ತದೆ. ಅದಕ್ಕೇ ಬೇಡ ಅಂದಿದ್ದು.

ನಿಮ್ಮ ಕಾರಿನ ಇನ್ನೊಂದು ವಿಷಯ. 1.6ರಲ್ಲಿ ಗಾಳಿ ಅಳೆಯುವುದು ರೆಕ್ಕೆ ಥರದ ಫ್ಲಾಪ್ ಮೀಟರ್. ಅದು ಪೂರ್ತಿ ತೆರೆದುಕೊಂಡ ಮೇಲೆ ಎಷ್ಟು ಗಾಳಿ ಜಾಸ್ತಿ ಬಂದರೂ ಇಸಿಯುಗೆ ಗೊತ್ತಾಗುವುದಿಲ್ಲ. ಕಾರಿನ ಹಳೇ ಆಕ್ಸಿಜನ್ ಸೆನ್ಸರ್‌ಗೂ 14.7ರ ಅಕ್ಕಪಕ್ಕ ಬಿಟ್ಟರೆ ಏನೂ ಕಾಣುವುದಿಲ್ಲ. ಇಸಿಯು ತಾನಾಗಿ ಸರಿಮಾಡಿಕೊಳ್ಳುತ್ತದೆ ಅನ್ನುವ ನಂಬಿಕೆ ಬೇಡ.

ಈಗ ಕೆಲಸಕ್ಕೆ ಬನ್ನಿ. ಫ್ಯೂಯಲ್ ರೈಲ್‌ಗೆ ಹೋಗುವ ಹೋಸ್‌ನಲ್ಲಿ ಒಂದು ಟಿ ಹಾಕಿ, 100 ದಾಟಿ ಓದುವ ಗೇಜ್ ಕೂರಿಸಿ. ಹೋಸ್ ಮತ್ತು ಕ್ಲಾಂಪ್ ಎರಡೂ ಫ್ಯೂಯಲ್ ಇಂಜೆಕ್ಷನ್‌ಗೆ ಮಾಡಿದ್ದೇ ಆಗಿರಲಿ, ಕಾರ್ಬ್ಯುರೇಟರ್ ಹೋಸ್ ಈ ಪ್ರೆಶರ್ ತಡೆಯುವುದಿಲ್ಲ. ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯ ಮುಚ್ಚಳ ತೆಗೆದು ಎಫ್‌ಪಿ ಮತ್ತು ಜಿಎನ್‌ಡಿ ನಡುವೆ ತಂತಿ ಹಾಕಿ ಕೀ ತಿರುಗಿಸಿ. ಇಂಜಿನ್ ಸ್ಟಾರ್ಟ್ ಆಗದೆಯೇ ಪಂಪ್ ಓಡುತ್ತದೆ. ರೆಗ್ಯುಲೇಟರ್‌ಗೆ ಬರುವ ಚಿಕ್ಕ ಹೋಸ್ ಬಿಚ್ಚಿಡಿ. ಗೇಜ್ 43ರ ಆಸುಪಾಸು ಇರಬೇಕು. ಆಮೇಲೆ ಆ ನಿಪ್ಪಲ್‌ಗೆ ಕೈಪಂಪಿನಿಂದ ನಿಧಾನಕ್ಕೆ 6 ಪಿಎಸ್‌ಐ ಗಾಳಿ ಕೊಡಿ. ಒಂದೊಂದು ಪಿಎಸ್‌ಐಗೂ ಗೇಜ್ ಹಲವು ಪಿಎಸ್‌ಐ ಏರಬೇಕು, ಗಾಳಿ ಹಿಡಿದಿಟ್ಟಷ್ಟು ಹೊತ್ತೂ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಾಮ್ ಹೋಗಿದೆ. ಸೆಕೆಂಡ್ ಹ್ಯಾಂಡ್ ಕಿಟ್‌ನಲ್ಲಿ ಇದು ಮಾಮೂಲು.

ಇಲ್ಲಿ ಪಾಸ್ ಆಯಿತು ಅಂತ ಪಂಪ್ ಚೆನ್ನಾಗಿದೆ ಅನ್ನಬೇಡಿ. ಇಂಜಿನ್ ನಿಂತಿರುವಾಗ ಪೆಟ್ರೋಲ್ ಕುಡಿಯುವವರು ಯಾರೂ ಇಲ್ಲ, ಪ್ರೆಶರ್ ಸುಲಭಕ್ಕೆ ಏರುತ್ತದೆ. ನಿಜವಾದ ಪರೀಕ್ಷೆ ಲೋಡ್‌ನಲ್ಲೇ ಆಗಬೇಕು. ಅದಕ್ಕೆ ಎಲೆಕ್ಟ್ರಿಕ್ ಪ್ರೆಶರ್ ಸೆನ್ಸರ್ ಹಾಕಿ ಆರ್‌ಪಿಎಂ, ಬೂಸ್ಟ್, ವೈಡ್‌ಬ್ಯಾಂಡ್ ಜೊತೆ ಲಾಗ್ ಮಾಡುವುದು ಒಳ್ಳೆಯದು. ಪೆಟ್ರೋಲ್ ತುಂಬಿದ ಗೇಜನ್ನು ಕಾರಿನ ಒಳಗೆ ಮಾತ್ರ ತರಬೇಡಿ. ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿದರೆ ಎಲ್ಲಕ್ಕಿಂತ ಉತ್ತಮ. ಮಿಶ್ರಣ 12.5 ದಾಟುತ್ತಿದ್ದಂತೆ ಕಾಲು ತೆಗೆಯಬೇಕು.

ಲಾಗ್ ಬಂದ ಮೇಲೆ ಹುಡುಕಾಟ ಚಿಕ್ಕದಾಗುತ್ತದೆ. ಬೂಸ್ಟ್ ಬಂದರೂ ಪ್ರೆಶರ್ ಏರುತ್ತಲೇ ಇಲ್ಲ ಅಂದರೆ ರೆಗ್ಯುಲೇಟರ್ ಅಥವಾ ಅದರ ಹೋಸ್. ಪರಿಚಯದವರೊಬ್ಬರ ಕಾರಿನಲ್ಲಿ ಆ ಹೋಸನ್ನು ಥ್ರಾಟಲ್ ಮತ್ತು ಸೂಪರ್‌ಚಾರ್ಜರ್ ನಡುವಿನಿಂದ ತೆಗೆದಿದ್ದರು. ಅಲ್ಲಿ ಯಾವತ್ತೂ ಬೂಸ್ಟ್ ಇರುವುದಿಲ್ಲ, ಹಾಗಾಗಿ ರೆಗ್ಯುಲೇಟರ್‌ಗೆ ಸುದ್ದಿಯೇ ಹೋಗುತ್ತಿರಲಿಲ್ಲ. ಸೂಪರ್‌ಚಾರ್ಜರ್ ಆದ ಮೇಲಿನ ಮ್ಯಾನಿಫೋಲ್ಡ್‌ನಿಂದಲೇ ಅದನ್ನು ತೆಗೆಯಬೇಕು, ಬೇರೆ ಯಾವುದಕ್ಕೂ ಟಿ ಹಾಕಿ ಹಂಚಬಾರದು.

ಪ್ರೆಶರ್ ಚೆನ್ನಾಗಿ ಏರಿ 5000ದ ಹೊತ್ತಿಗೆ ಕುಸಿದರೆ ಪೂರೈಕೆಯದ್ದೇ ತೊಂದರೆ. ನಿಮ್ಮ ವಿವರ ನೋಡಿದರೆ ನನ್ನ ಅನುಮಾನ ಇದರ ಮೇಲೇ ಜಾಸ್ತಿ. ಮೊದಲು ಫಿಲ್ಟರ್ ಬದಲಾಯಿಸಿ, ಕಾರಿನ ಕೆಳಗೆ ಹಿಂದಿನ ಚಕ್ರದ ಹತ್ತಿರ ಇದೆ. ನಂತರ ಪಂಪಿನ ಕನೆಕ್ಟರ್‌ನಲ್ಲೇ ವೋಲ್ಟೇಜ್ ನೋಡಿ. ಆಲ್ಟರ್ನೇಟರ್ 13.8 ಕೊಡುತ್ತಿದ್ದು ಪಂಪಿಗೆ 11.5 ಮುಟ್ಟುತ್ತಿದ್ದರೆ, ಹೊಸ ಪಂಪ್ ಹಾಕಿದರೂ ಪ್ರಯೋಜನ ಕಮ್ಮಿ. ಬ್ಯಾಟರಿಯಿಂದ ದಪ್ಪ ವೈರು, ಒಂದು ರಿಲೇ, ಫ್ಯೂಸ್, ಒಳ್ಳೇ ಅರ್ಥ್: ಅರ್ಧ ದಿನದ ಕೆಲಸ, ಖರ್ಚೂ ಕಮ್ಮಿ. ಪಂಪ್ ಬದಲಿಸುವುದೇ ಆದರೆ ಗಂಟೆಗೆ 190 ಲೀಟರ್‌ನ ವಾಲ್‌ಬ್ರೋ ನಿಮಗೆ ಧಾರಾಳ ಸಾಕು. ದೊಡ್ಡದೇ ಇರಲಿ ಅಂತ 255 ಹಾಕಿದರೆ ಐಡಲ್‌ನಲ್ಲಿ ವಾಪಸ್ ಹೋಗುವ ಪೆಟ್ರೋಲ್ ಜಾಸ್ತಿಯಾಗಿ, ಹಳೇ ರೆಗ್ಯುಲೇಟರ್ ಪ್ರೆಶರನ್ನು ಹತೋಟಿಯಲ್ಲಿ ಇಡಲಾರದು.

ಪ್ರೆಶರ್ ಕೊನೆಯವರೆಗೂ ಗಟ್ಟಿಯಾಗಿ ನಿಂತು, ಆದರೂ ಲೀನ್ ಆದರೆ ಇಂಜೆಕ್ಟರ್ ಮುಗಿದಿದೆ ಎಂದರ್ಥ. 7000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಸೈಕಲ್‌ಗೆ ಸಿಗುವುದು 17.1 ಮಿಲಿಸೆಕೆಂಡ್. ಪಲ್ಸ್ (ಇಂಜೆಕ್ಟರ್ ತೆರೆದಿರುವ ಹೊತ್ತು) 16 ಆಗಿದ್ದರೆ ಇಂಜೆಕ್ಟರ್ ಮುಚ್ಚಲೂ ಹೊತ್ತಿಲ್ಲದೆ ಓಡುತ್ತಿದೆ. ಅಂಥ ಕಡೆ ಯಾವ ಟ್ಯೂನಿಂಗೂ ನಡೆಯುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೇಲಿನದನ್ನೆಲ್ಲ ಸರಿಮಾಡಿ ರೈಸಿಂಗ್ ರೇಟ್‌ನಲ್ಲೇ ಒಂದಷ್ಟು ದಿನ ಓಡಿಸಬಹುದು. ಆದರೆ ದಿನಾ ಓಡಿಸುವ ಕಾರಿಗೆ ನೆಮ್ಮದಿಯ ದಾರಿ ಬೇರೆ. ದೊಡ್ಡ ಇಂಜೆಕ್ಟರ್, ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವುದು) ಇರುವ ಪ್ರೋಗ್ರಾಮ್ ಮಾಡಬಹುದಾದ ಇಸಿಯು, ಕಾರಿನ ಮೂಲ ರೆಗ್ಯುಲೇಟರ್. ಮೂಲ ರೆಗ್ಯುಲೇಟರ್ ಬೂಸ್ಟ್ ಏರಿದಷ್ಟೇ ಪ್ರೆಶರ್ ಏರಿಸುತ್ತದೆ, ಬೇಕಾಗಿರುವುದೂ ಅಷ್ಟೇ. ಮಿಯಾಟಾದವರು ಆರ್‌ಎಕ್ಸ್-8ರ ಹಳದಿ ಇಂಜೆಕ್ಟರ್ ಜಾಸ್ತಿ ಹಾಕುತ್ತಾರೆ, ಸುಮಾರು 420 ಸಿಸಿ. ನಿಮ್ಮ 160 ಕುದುರೆ ಶಕ್ತಿಗೆ ಅವು 60 ಪರ್ಸೆಂಟ್ ಹೊತ್ತು ತೆರೆದರೆ ಸಾಕು. ಹಳೇ ಇಸಿಯು ಇಟ್ಟುಕೊಂಡು ಇವನ್ನು ಮಾತ್ರ ಹಾಕಬೇಡಿ, ಐಡಲ್‌ನಲ್ಲೇ ಪೆಟ್ರೋಲ್‌ನಲ್ಲಿ ಮುಳುಗುತ್ತದೆ. ಮೆಗಾಸ್ಕ್ವಿರ್ಟ್ ಥರದ ಇಸಿಯು ಹಾಕಿ ಫ್ಲಾಪ್ ಮೀಟರ್ ತೆಗೆಯುವಾಗ ಒಂದು ನೆನಪಿರಲಿ: 1.6ರಲ್ಲಿ ಪಂಪ್ ಓಡಿಸುವ ಸ್ವಿಚ್ ಆ ಮೀಟರ್ ಒಳಗೇ ಇದೆ, ಗಾಳಿಯ ಟೆಂಪರೇಚರ್ ಸೆನ್ಸರ್ ಕೂಡ. ಪಂಪ್ ಕೆಲಸವನ್ನು ಹೊಸ ಇಸಿಯುಗೆ ಒಪ್ಪಿಸಬೇಕು. ಟೆಂಪರೇಚರ್ ಸೆನ್ಸರನ್ನು ಸೂಪರ್‌ಚಾರ್ಜರ್ ಆದ ಮೇಲೆ ಕೂರಿಸಬೇಕು. 40 ಡಿಗ್ರಿ ಮಧ್ಯಾಹ್ನ 6 ಪಿಎಸ್‌ಐ ಬೂಸ್ಟ್‌ನಲ್ಲಿ ನಿಮ್ಮಂಥ ರೂಟ್ಸ್ ಥರದ ಸೂಪರ್‌ಚಾರ್ಜರ್‌ನಿಂದ ಹೊರಬರುವ ಗಾಳಿ 100 ಡಿಗ್ರಿ ಹತ್ತಿರ ಇರುತ್ತದೆ. ಸೂಪರ್‌ಚಾರ್ಜರ್‌ಗಿಂತ ಮೊದಲೇ ಕೂತ ಸೆನ್ಸರ್ ಇಸಿಯುಗೆ 40 ಅಂತಲೇ ಹೇಳುತ್ತಿರುತ್ತದೆ.

ಟ್ಯೂನ್ ಮಾಡುವಾಗ ಅವಸರ ಬೇಡ. ಇಂಜೆಕ್ಟರ್ ಡೆಡ್ ಟೈಮ್ (ತೆರೆಯಲು ಹಿಡಿಯುವ ಹೊತ್ತು) ಸರಿಯಾಗಿ ತುಂಬಿ, ಟೈಮಿಂಗ್ ಲೈಟ್ ಹಿಡಿದು ಬೇಸ್ ಇಗ್ನಿಷನ್ 10 ಡಿಗ್ರಿ ತಾಳೆ ನೋಡಿ. ಐಡಲ್ ಮತ್ತು ಕ್ರೂಸ್ ಮೊದಲು, ಬೂಸ್ಟ್ ಕೊನೆಗೆ. ಇಗ್ನಿಷನ್ನನ್ನು ಪ್ರತಿ ಪಿಎಸ್‌ಐಗೆ ಒಂದು ಡಿಗ್ರಿ ಹಿಂದೆ ಇಟ್ಟು ಶುರುಮಾಡಿ. ಬೂಸ್ಟ್‌ನಲ್ಲಿ ಗುರಿ 11.7 ಇರಲಿ. ಇಸಿಯುವಿನ ಪೆಟ್ರೋಲ್ ಕೋಷ್ಟಕದಲ್ಲಿ (ಸಾಲು ಅಂದರೆ ಮ್ಯಾನಿಫೋಲ್ಡ್ ಒತ್ತಡ, ಮನೆ ಅಂದರೆ ಆರ್‌ಪಿಎಂ) 140 ಕೆಪಿಎ ಸಾಲಿನ 3500ರ ಮನೆಯಲ್ಲಿ 80 ಇದೆ, ಬಂದದ್ದು 12.6 ಅಂದುಕೊಳ್ಳಿ. 12.6ನ್ನು 11.7ರಿಂದ ಭಾಗಿಸಿದರೆ 1.077, ಹಾಗಾಗಿ 80 ಹೋಗಿ 86. ಅದೇ ಅನುಪಾತದಲ್ಲಿ 4000, 4500ರ ಮನೆಗಳನ್ನೂ ಈಗಲೇ ಏರಿಸಿ, ಆಮೇಲೆ ಮಾತ್ರ ಮುಂದಿನ ಓಟ. ಸುಮ್ನೆ ಒಂದೇ ಏಟಿಗೆ ರೆಡ್‌ಲೈನ್‌ಗೆ ಹೋಗಬೇಡಿ. ಚಳಿಯಲ್ಲಿ ಬೂಸ್ಟ್ ಸ್ವಲ್ಪ ಜಾಸ್ತಿ ಬರುತ್ತದೆ, ಅದಕ್ಕೆ 150, 160ರ ಸಾಲುಗಳೂ ತುಂಬಿರಲಿ.

ಅಮೆರಿಕದ ಪೆಟ್ರೋಲ್‌ನಲ್ಲಿ 10 ಪರ್ಸೆಂಟ್ ಎಥೆನಾಲ್ ಇರುತ್ತದೆ ಅಂತ ಗೇಜ್ ಸಂಖ್ಯೆ ಬದಲಾಯಿಸಬೇಕಿಲ್ಲ. ವೈಡ್‌ಬ್ಯಾಂಡ್ ಅಳೆಯುವುದು ಲ್ಯಾಂಬ್ಡಾ (14.7ಕ್ಕೆ ಹೋಲಿಸಿದ ಅನುಪಾತ), 11.7 ಅಂದರೆ 0.80, ಅಷ್ಟೇ. 93 ಆಕ್ಟೇನ್ ಬಿಟ್ಟು ಬೇರೆ ಹಾಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಓದುತ್ತಿರುವವರು ಕಿಟ್‌ಗೆ ಅಲ್ಲಿನ ಇಒ ನಂಬರ್ (ಸರ್ಕಾರದ ಅನುಮತಿ ಸಂಖ್ಯೆ) ಇದೆಯೇ ಅಂತ ಮೊದಲು ನೋಡಿಕೊಳ್ಳಿ, ಇಸಿಯು ಬದಲಿಸಿದರೆ ಸ್ಮಾಗ್ ಟೆಸ್ಟ್‌ನಲ್ಲಿ ನಿಲ್ಲಿಸುತ್ತಾರೆ.

ಬೆಂಗಳೂರಿನಿಂದ ಕೇಳಿದವರಿಗೆ: ನಿಮ್ಮ ಬಂಕ್‌ನ ಆಕ್ಟೇನ್ ರಾನ್ (ರಿಸರ್ಚ್ ಆಕ್ಟೇನ್ ನಂಬರ್) ಲೆಕ್ಕ, ಅಮೆರಿಕದ್ದು ಬೇರೆ ಲೆಕ್ಕ. ಅಲ್ಲಿನ 91 ಅಂದರೆ ಇಲ್ಲಿನ 95ರ ಆಸುಪಾಸು. ಹಾಗಾಗಿ ಅಲ್ಲಿನ ಟ್ಯೂನ್ ಫೈಲ್ ತಂದು ಇಲ್ಲಿನ 91ರಲ್ಲಿ ಓಡಿಸಬೇಡಿ. ಇ20ಗೆ ಶುದ್ಧ ಪೆಟ್ರೋಲ್‌ಗಿಂತ ಶೇಕಡಾ 8-9ರಷ್ಟು ಜಾಸ್ತಿ ಹರಿವು ಬೇಕು, ಇಂಜೆಕ್ಟರ್ ಆರಿಸುವಾಗಲೇ ಸೇರಿಸಿಕೊಳ್ಳಿ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ 91 ಕೆಪಿಎ ಇದ್ದರೆ ಮಂಗಳೂರಿನಲ್ಲಿ 101. ಘಾಟಿ ಇಳಿದ ಮೇಲೆ ಅದೇ ಪುಲ್ಲಿಯಲ್ಲಿ ಜಾಸ್ತಿ ಗಾಳಿ ಬರುತ್ತದೆ, ಮೇಲಿನ ಸಾಲುಗಳನ್ನು ಖಾಲಿ ಬಿಡಬೇಡಿ.

ಡಲ್ಲಾಸ್‌ನವರೇ, ಫಿಲ್ಟರ್ ಬದಲಿಸಿ, ಪಂಪಿನ ವೋಲ್ಟೇಜ್ ಬರೆದು, ರೆಗ್ಯುಲೇಟರ್ ಹೋಸ್ ಎಲ್ಲಿಂದ ಬಂದಿದೆ ಅಂತ ಒಂದು ಫೋಟೋ ಹಾಕಿ. ಪ್ರೆಶರ್ ಸೆನ್ಸರ್ ಕೂರಿಸಿದ ಮೇಲೆ ಮೂರನೇ ಗೇರಿನಲ್ಲಿ 2500ರಿಂದ 5000ದವರೆಗಿನ ಒಂದು ಲಾಗ್ ಸಾಕು, ಅದಕ್ಕಿಂತ ಮೇಲೆ ಹೋಗಬೇಡಿ. ಕುಸಿತ ಇದ್ದರೆ ಅಷ್ಟರಲ್ಲೇ ಕಾಣಿಸಲು ಶುರುವಾಗುತ್ತದೆ. ಲಾಗ್ ಹಾಕಿದರೆ ಸಾಲು ಸಾಲಾಗಿ ನೋಡಿ ಹೇಳುತ್ತೇನೆ.