ಕೊರಿಯಾ ಯುದ್ಧದಲ್ಲಿ ಚೀನಾದ ದೊಡ್ಡ ದಾಳಿಗಳು ಸಾಮಾನ್ಯವಾಗಿ ಸುಮಾರು ಒಂದು ವಾರದಲ್ಲಿ ಸೊರಗುತ್ತಿದ್ದುದೇಕೆ?

ಮುಖ್ಯ ಕಾರಣ ಅನ್ನ. 1950ರ ಅಕ್ಟೋಬರ್ 19ರಂದು ಸೇನಾನಿ ಪೆಂಗ್ ದೆಹುವಾಯ್ ನೇತೃತ್ವದಲ್ಲಿ, ಉತ್ತರ ಕೊರಿಯಾದ ನೆರವಿಗೆ ಗಡಿಯ ಯಾಲು ನದಿ ದಾಟಿದ ಚೀನೀ ಪಡೆಗೆ ಹೆಸರು ‘ಸ್ವಯಂಸೇವಕರು’, ಇದ್ದವರು ಚೀನಾದ ಖಾಯಂ ಸೈನಿಕರು. ಅಮೆರಿಕದ ವಿಮಾನಗಳ ಕಣ್ಣು ತಪ್ಪಿಸಲು ರಾತ್ರಿ ನಡೆದು ಹಗಲು ಅಡಗುತ್ತಿದ್ದರು. ಲಾರಿಗಳು ಕಡಿಮೆ, ಇದ್ದವೂ ಬಾಂಬಿಗೆ ತುತ್ತಾಗುತ್ತಿದ್ದವು. ಹಾಗಾಗಿ ಸುಮಾರು ಒಂದು ವಾರದ ಆಹಾರ, ಮದ್ದುಗುಂಡು ಎಲ್ಲವೂ ಸೈನಿಕನ ಹೆಗಲ ಮೇಲೇ. ಹೆಗಲಿಗೆ ಅಡ್ಡ ಕಟ್ಟಿದ ಬಟ್ಟೆಚೀಲದಲ್ಲಿ ಹುರಿಹಿಟ್ಟು. ಒಲೆ ಹೊತ್ತಿಸಿದರೆ ಹೊಗೆ ಕಾಣುತ್ತದೆಂದು ಹಿಡಿ ಹಿಟ್ಟಿಗೆ ಹಿಡಿ ಹಿಮ ಸೇರಿಸಿ ನುಂಗುತ್ತಿದ್ದರು. ಚೀಲ ಬರಿದಾದರೆ, ಗೆಲ್ಲುತ್ತಿದ್ದರೂ ನಿಲ್ಲಲೇಬೇಕು.

ಅಮೆರಿಕದ ಜನರಲ್ ರಿಡ್ಜ್‌ವೇ 1951ರಲ್ಲಿ ಹಿಡಿದದ್ದು ಇದೇ ದೌರ್ಬಲ್ಯವನ್ನು: ಹಿಂದೆ ಸರಿದು ದಣಿಸುವುದು, ಆಮೇಲೆ ತಿರುಗಿ ಹೊಡೆಯುವುದು.

ಉತ್ತರ ಕೊರಿಯಾದ ಚೋಸಿನ್ ಸರೋವರದ ಬಳಿಯಂತೂ ಶತ್ರುವಿನ ಜೊತೆಗೆ ಚಳಿಯೂ ಕೊಂದಿತು. ತೆಳು ಹತ್ತಿ ಉಡುಪು, ಕ್ಯಾನ್ವಾಸ್ ಬೂಟಿನಲ್ಲಿ ಬಂದ ಸಾವಿರಾರು ಹುಡುಗರ ಕೈಕಾಲು ಮರಗಟ್ಟಿಹೋದವು.